ಪ್ರಯೋಗಾಲಯವೋ, ಜನಾರೋಗ್ಯವೋ?

ಪ್ರಶ್ನೆ: ಮೇಡಂ, ಮಾನಸಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಊರು ಮದ್ದೂರಿನ ಹತ್ತಿರ. ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕಬೇಕು. ಪಿಎಚ್.ಡಿ. ಸೇರಲೇ, ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಲೇ? ಎರಡೂ ಕೂಡುವ ಕೆಲಸ ಇದೆಯೇ?

ಉತ್ತರ: ಇದೆ. ಅದಕ್ಕೆ ಮೈಸೂರಿನಲ್ಲೇ ಉದಾಹರಣೆ ಉಂಟು. ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಅದೇ ಆಸ್ಪತ್ರೆಯ ಗರ್ಭಿಣಿಯರ ಅಧ್ಯಯನ ಮುಂದೆ ವಿಟಮಿನ್ ಬಿ12 ಕೊರತೆಗೂ ಬಸಿರಿನಲ್ಲಿ ಬರುವ ಮಧುಮೇಹಕ್ಕೂ ನಂಟು ತೋರಿಸಿತು. ಹೆರಿಗೆ ಕೋಣೆಯಲ್ಲಿ ನಿಷ್ಠೆಯಿಂದ ತೂಗಿ ಬರೆದ ಆ ಕೈಗಳನ್ನು ನಾನು ವಿಜ್ಞಾನಿಗಳ ಸಾಲಿನಲ್ಲೇ ಕೂರಿಸುತ್ತೇನೆ.

ನಿಮ್ಮಂಥವರು ಎಲ್ಲಿ ಬೇಕಾಗುತ್ತಾರೆ ನೋಡಿ. ತೆಗೆದ ರಕ್ತದಲ್ಲಿ ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಗಂಟೆಗೆ ಶೇ. 5–7ರಷ್ಟು ಇಳಿಯುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಕೂಡ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯದು, ಐಸ್ ಬೇಕು. ಹಳ್ಳಿಯಿಂದ ಸ್ಯಾಂಪಲ್ ಬಿಸಿಲಲ್ಲಿ ಬಂದರೆ ಮಧುಮೇಹಿಯೂ ಆರೋಗ್ಯವಂತನಾಗಿ ಕಾಣಬಹುದು. ಇದು ನಿಮಗೆ ಗೊತ್ತು. ಆದರೆ ಕಬ್ಬಿನ ಗದ್ದೆಗೆ ಹೋಗುವ ಹೆಣ್ಣುಮಗಳು ನಸುಕಿನಲ್ಲೇ ಕಾಫಿ ಕುಡಿದು ಹೊರಟಿರುತ್ತಾಳೆ. ಹತ್ತು ಗಂಟೆಗೆ ಶಿಬಿರವಿಟ್ಟು ಖಾಲಿ ಹೊಟ್ಟೆಯಲ್ಲಿ ಬಾ ಎಂದರೆ ಅವಳು ಹೇಗೆ ಬಂದಾಳು? ಇದು ಆಶಾ ಕಾರ್ಯಕರ್ತೆಗೆ ಗೊತ್ತು. ಇವೆರಡನ್ನೂ ಬಲ್ಲವರು ತೀರ ಕಡಿಮೆ.

ಆದ್ದರಿಂದ ಈಗಲೇ ಪಿಎಚ್.ಡಿ.ಗೆ ಹೆಸರು ಕೊಡಬೇಡಿ. ಮೊದಲು ಜನರಿಂದ ಸ್ಯಾಂಪಲ್ ಸಂಗ್ರಹಿಸುವ ಅಧ್ಯಯನವೊಂದರಲ್ಲಿ ಸಹಾಯಕರಾಗಿ ದುಡಿಯಿರಿ. ನಂತರ ಎಂ.ಪಿ.ಎಚ್.: ಮೈಸೂರಿನ ಜೆಎಸ್‌ಎಸ್‌ನಲ್ಲಿದೆ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲೂ ಇದೆ. ಪ್ರವೇಶದ ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಎಂ.ಬಿ.ಬಿ.ಎಸ್. ಇಲ್ಲದವರಿಗೆ ಬೆಲೆ ಇರುತ್ತದೆಯೇ ಮೇಡಂ? ಮನೆಯಲ್ಲಿ ಇದೇ ಚಿಂತೆ.

ಉತ್ತರ: ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿ ವೈದ್ಯರದೇ. ಆದರೆ ರೋಗ ಸರ್ವೇಕ್ಷಣೆಗೆ, ಅಂದರೆ ರೋಗ ಎಲ್ಲಿ ಹರಡುತ್ತಿದೆ ಎಂದು ಕಣ್ಣಿಡುವ ಕೆಲಸಕ್ಕೆ, ಸೂಕ್ಷ್ಮಜೀವಿ ತಜ್ಞರು, ಕೀಟತಜ್ಞರು, ಅಂಕಿಅಂಶ ನೋಡಿಕೊಳ್ಳುವವರು ಬೇಕೇ ಬೇಕು. ಇವುಗಳಲ್ಲಿ ಬಹಳಷ್ಟು ಗುತ್ತಿಗೆ ಹುದ್ದೆಗಳು; ಇದನ್ನು ಅಪ್ಪ ಅಮ್ಮನಿಗೆ ಮುಚ್ಚಿಡದೆ ಹೇಳಿ. ಸಂಖ್ಯಾಶಾಸ್ತ್ರ ಗಟ್ಟಿಯಿದ್ದರೆ ಒಂದು ಗುತ್ತಿಗೆ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆಯಿಂದ ಕರೆ ಬರುವುದನ್ನು ನಾನು ಕಂಡಿದ್ದೇನೆ. ಈ ರಜೆಯಲ್ಲೇ ಸಂಖ್ಯಾಶಾಸ್ತ್ರದ ಕಲಿಕೆ ಶುರು ಮಾಡಿ.