ಬೆಟ್ಟದ ಬುಡದಲ್ಲಿ ಆರೇ ಜನರ ಮದುವೆ: ಕೊಲರಾಡೊದಲ್ಲಿ ಯಾರಾದರೂ ಮಾಡಿಕೊಂಡಿದ್ದೀರಾ?

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಡೆನ್ವರ್‌ನಲ್ಲಿದ್ದೇನೆ, ನಾಲ್ಕು ವರ್ಷವಾಯಿತು. ಹುಡುಗನೂ ಇಲ್ಲೇ, ಅವನ ಊರು ಗದಗ. ಜಾತಿ ಬೇರೆ, ಆದರೆ ಎರಡೂ ಮನೆಯಲ್ಲಿ ಒಪ್ಪಿದ್ದಾರೆ. ಒಪ್ಪಿದ್ದಾರೆ ಅಂದರೆ ಅರ್ಧ ಮನಸ್ಸಿನಿಂದ, "ನಿಮ್ಮಿಷ್ಟ" ಅಂತಾರಲ್ಲ ಹಾಗೆ. ಅಪ್ಪ ಅಮ್ಮನಿಗೆ ವಿಸಿಟರ್ ವೀಸಾದ ಸ್ಲಾಟ್ ಸಿಗುತ್ತಿಲ್ಲ, ನಾವು ಈಗ ಊರಿಗೆ ಹೋದರೆ ವಾಪಸ್ ಬರುವಾಗ ವೀಸಾ ಸ್ಟ್ಯಾಂಪಿಂಗ್ ಚಿಂತೆ. ಹಾಗಾಗಿ ಇಲ್ಲೇ ಮದುವೆ ಮಾಡಿಕೊಂಡು, ಮುಂದೆ ಯಾವಾಗಲಾದರೂ ಹಾಸನದಲ್ಲಿ ಒಂದು ಊಟ ಹಾಕಿಸೋಣ ಅಂತ ಮಾತಾಗಿದೆ.

ಆಫೀಸಿನ ಗೆಳತಿ "ಎಲೋಪ್ ಆಗಿಬಿಡಿ" ಅಂದಳು. ನಾನು ಒಂದು ಕ್ಷಣ ಗಾಬರಿಯಾದೆ. ನಮ್ಮ ಕಡೆ ಓಡಿಹೋಗಿ ಮದುವೆಯಾಗುವುದು ಅಂದರೆ ಗೊತ್ತಲ್ಲ, ಪೊಲೀಸ್ ಸ್ಟೇಷನ್, ಚಿಕ್ಕಪ್ಪಂದಿರು, ಜೀಪು. ಇಲ್ಲಿ ಹಾಗಲ್ಲವಂತೆ. ಛತ್ರ, ಮಂದಿ ಯಾವುದೂ ಇಲ್ಲದೆ ಬೆಟ್ಟದ ಹತ್ತಿರ ಯಾವುದಾದರೂ ಪಾರ್ಕಿಗೆ ಹೋಗಿ ಮದುವೆಯಾಗಿ ಬರುವುದಕ್ಕೂ ಅದೇ ಹೆಸರು.

ನಾವು ಇಬ್ಬರು, ನನ್ನ ಅಣ್ಣ ಅತ್ತಿಗೆ, ಇಬ್ಬರು ಸ್ನೇಹಿತರು, ಒಟ್ಟು ಆರು ಜನ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಗುರುವಾರ ಅಂದುಕೊಂಡಿದ್ದೇವೆ. ತೀರಾ ಮೇಲೆ ಹತ್ತುವುದು ಬೇಡ, ಅತ್ತಿಗೆ ಐದು ತಿಂಗಳ ಬಸುರಿ. ಪರ್ಮಿಟ್ ಬೇಕಾ? ಪುರೋಹಿತರು ಬೇಕೇ ಬೇಕಾ? ಧಾರೆ, ತಾಳಿ, ಅಕ್ಷತೆ ಇಷ್ಟಾದರೂ ಇರಲಿ ಅಂತ ಅಮ್ಮನ ಆಸೆ. ಹೋಮಕ್ಕೆ ಚಿಕ್ಕದೊಂದು ಕುಂಡ ಸಿಕ್ಕಿದೆ, ತರಬಹುದಾ? ಮಾಡಿಕೊಂಡವರು ದಯವಿಟ್ಟು ಹೇಳಿ.

ಬಿಸಿಬಿಸಿ_ಕಾಫಿ

ನಾವು ಬೋಲ್ಡರ್‌ನಲ್ಲಿ ಹೀಗೇ ಮದುವೆಯಾದವರು. ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಕೊಲರಾಡೊದಲ್ಲಿ ಪುರೋಹಿತರೂ ಬೇಡ, ಜಡ್ಜೂ ಬೇಡ, ಸಾಕ್ಷಿಯೂ ಬೇಡ. ನಿಮ್ಮ ಮದುವೆಯನ್ನು ನೀವೇ ನಡೆಸಿಕೊಳ್ಳಬಹುದು, ಕಾನೂನೇ ಹಾಗಿದೆ. ಕೌಂಟಿ (ನಮ್ಮ ಜಿಲ್ಲೆಯ ಥರ) ಕ್ಲರ್ಕ್ ಆಫೀಸಿಗೆ ಇಬ್ಬರೂ ಪಾಸ್‌ಪೋರ್ಟ್ ಹಿಡಿದು ಹೋಗಿ, 30 ಡಾಲರ್ ಕಟ್ಟಿ, ಲೈಸೆನ್ಸ್ ಅವತ್ತೇ ಕೈಗೆ ಬರುತ್ತದೆ. ಯಾವ ಕೌಂಟಿಯಲ್ಲಿ ತೆಗೆದುಕೊಂಡರೂ ರಾಜ್ಯದಲ್ಲಿ ಎಲ್ಲಿ ಬೇಕಾದರೂ ಮದುವೆಯಾಗಬಹುದು. ತೆಗೆದುಕೊಂಡ 35 ದಿನದೊಳಗೆ ಮದುವೆ ಆಗಬೇಕು, ಆದ ಮೇಲೆ ಸಹಿ ಹಾಕಿ 63 ದಿನದೊಳಗೆ ವಾಪಸ್ ಕೊಡಬೇಕು, ತಡವಾದರೆ ದಂಡ. ನಡೆಸಿಕೊಟ್ಟವರು ಅಂತ ಇರುವ ಜಾಗದಲ್ಲಿ ನೀವಿಬ್ಬರೇ ಸಹಿ ಹಾಕುತ್ತೀರಿ. ಸಾಕ್ಷಿ ಕಡ್ಡಾಯ ಇಲ್ಲದ್ದರಿಂದ ಕೆಲವರು ಆ ಖಾಲಿ ಜಾಗದಲ್ಲಿ ತಮ್ಮ ನಾಯಿಯ ಪಂಜದ ಗುರುತು ಒತ್ತಿಸುತ್ತಾರೆ, ತಮಾಷೆ ಅಲ್ಲ, ನಿಜ.

ಇದೇ ಊರಲ್ಲಾಗಿದ್ದರೆ ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ 30 ದಿನದ ನೋಟಿಸು, ಅದನ್ನು ಆಫೀಸಿನ ಗೋಡೆಗೆ ಅಂಟಿಸುವುದು, ಮೂರು ಜನ ಸಾಕ್ಷಿ. ಅಲ್ಲಿ 30 ದಿನ, ಇಲ್ಲಿ 30 ಡಾಲರ್.

ಕಷ್ಟದ ಭಾಗ ಬಿಸಿಲು ಮತ್ತು ಗಾಳಿ. ನಾವು ಮಾಡಿದ ತಪ್ಪು ಕೇಳಿ. ಸೂರ್ಯಾಸ್ತದ ಫೋಟೋ ಚೆನ್ನಾಗಿರುತ್ತದೆ ಅಂತ ಫೋನಿನಲ್ಲಿ ತೋರಿಸಿದ ಸಮಯಕ್ಕೆ ಅರ್ಧ ಗಂಟೆ ಮೊದಲು ಹೋಗಿ ನಿಂತೆವು. ಹೋಗುವಷ್ಟರಲ್ಲಿ ಸೂರ್ಯನೇ ಇಲ್ಲ! ಬೆಟ್ಟಗಳೆಲ್ಲ ಪಶ್ಚಿಮಕ್ಕೆ ಇವೆ, ಅವುಗಳ ಬುಡದಲ್ಲಿ ನಿಂತರೆ ಸೂರ್ಯ ಎಷ್ಟೋ ಹೊತ್ತು ಮೊದಲೇ ಬೆಟ್ಟದ ಹಿಂದೆ ಇಳಿದುಬಿಡುತ್ತಾನೆ. ಫೋನ್ ಹೇಳುವುದು ಬಯಲಿನ ಲೆಕ್ಕ. ನಮ್ಮ ಫೋಟೋಗಳೆಲ್ಲ ನೀಲಿ ನೀಲಿ, ನಡುಗುತ್ತಿರುವ ಮುಖಗಳು. ಅದಕ್ಕೇ ಬೆಟ್ಟದ ಈ ಬದಿಗೆ ಬೆಳಗಿನ ಹೊತ್ತೇ ಸರಿ. ಮುಂಜಾನೆಯ ಬಿಸಿಲು ನೇರವಾಗಿ ಬಂಡೆಗಳ ಮೇಲೆ ಬೀಳುತ್ತದೆ, ಜನ ಕಡಿಮೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ಬೇಸಿಗೆಯಲ್ಲಾದರೆ ಮಧ್ಯಾಹ್ನ ಗುಡುಗು ಮಿಂಚು ಬೇರೆ.

ಬೋಲ್ಡರ್‌ನ ಫ್ಲ್ಯಾಗ್‌ಸ್ಟಾಫ್ ಬೆಟ್ಟದ ಮೇಲೆ ಸನ್‌ರೈಸ್ ಆಂಫಿಥಿಯೇಟರ್ ಅಂತ ಕಲ್ಲಿನ ಬಯಲು ರಂಗಮಂದಿರ ಒಂದಿದೆ, 1930ರ ದಶಕದಲ್ಲಿ ಕಟ್ಟಿದ್ದು, ತುಂಬ ಚಂದ. ಆದರೆ ಅದನ್ನು ನಗರದವರ ಹತ್ತಿರ ಮೊದಲೇ ಬುಕ್ ಮಾಡಬೇಕು. ಆರೇ ಜನಕ್ಕೆ ಅಷ್ಟು ದೊಡ್ಡದು ಯಾಕೆ ಅನ್ನಿಸುತ್ತದೆ ನನಗೆ.

ಸ್ಪ್ರಿಂಗ್ಸ್_ಅಕ್ಕ

ನಾನು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ ಕಣಮ್ಮ, ಸುಮ್ನೆ ನಮ್ಮೂರಿಗೆ ಬನ್ನಿ. ಗಾರ್ಡನ್ ಆಫ್ ದಿ ಗಾಡ್ಸ್ ಅಂತ ಕೆಂಪು ಬಂಡೆಗಳ ಪಾರ್ಕ್ ಇದೆ. ಡೆನ್ವರ್‌ನಿಂದ ಒಂದೂಕಾಲು ಗಂಟೆ. ಪ್ರವೇಶಕ್ಕೆ ದುಡ್ಡಿಲ್ಲ. ಆ ಜಾಗ ಒಬ್ಬ ರೈಲ್ವೆ ಸಾಹುಕಾರರದ್ದಾಗಿತ್ತು, ಪರ್ಕಿನ್ಸ್ ಅಂತ. ಅವರು ತೀರಿಕೊಂಡ ಮೇಲೆ ಮಕ್ಕಳು 1909ರಲ್ಲಿ 480 ಎಕರೆಯನ್ನು ಊರಿಗೆ ಕೊಟ್ಟುಬಿಟ್ಟರು, ಎಂದೆಂದಿಗೂ ಎಲ್ಲರಿಗೂ ಉಚಿತವಾಗಿರಬೇಕು ಅನ್ನುವ ಷರತ್ತಿನ ಮೇಲೆ. ಮದ್ಯ ಮಾರುವ ಹಾಗಿಲ್ಲ, ಹಂಚುವ ಹಾಗಿಲ್ಲ ಅಂತಲೂ ಬರೆದಿದ್ದಾರೆ, ಹಾಗಾಗಿ ಷಾಂಪೇನ್ ಬಾಟಲಿ ಬೇಡ. ನಮಗೇನು, ಫ್ಲಾಸ್ಕಿನಲ್ಲಿ ಪಾನಕ ತಂದರಾಯಿತು.

ಅಲ್ಲಿ ಚಿಕ್ಕ ಮದುವೆಗೆ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಕುರ್ಚಿ, ಮಂಟಪ, ಅಲಂಕಾರ ಏನೂ ತರುವ ಹಾಗಿಲ್ಲ. ನಿಯಮ ಆಗಾಗ ಬದಲಾಗುತ್ತದೆ, ವಾರ ಮೊದಲು ಒಂದು ಫೋನ್ ಮಾಡಿ. ಪಾರ್ಕ್ ಬೆಳಿಗ್ಗೆ 5ಕ್ಕೇ ತೆರೆಯುತ್ತದೆ. ವಾರದ ದಿನ ಬಂದರೆ ಸೂರ್ಯ ಹುಟ್ಟುವ ಹೊತ್ತಿಗೆ ಒಬ್ಬಿಬ್ಬರು ಫೋಟೋದವರು, ಓಡುವವರು, ಅಷ್ಟೇ. ಹತ್ತು ಗಂಟೆ ಆದ ಮೇಲೆ ಬಂದು ನೋಡಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಮುಹೂರ್ತ ಮೀರಿಹೋಗುತ್ತದೆ.

ಅತ್ತಿಗೆ ಬಗ್ಗೆ ಚಿಂತೆ ಬೇಡ. ಮಧ್ಯದ ದಾರಿ ಪೂರ್ತಿ ಸಿಮೆಂಟಿನದ್ದು, ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ. ಎರಡೂ ಕಡೆ ಮುನ್ನೂರು ಅಡಿ ಎತ್ತರದ ಕೆಂಪು ಬಂಡೆ, ಹಿಂದೆ ಪೈಕ್ಸ್ ಪೀಕ್ ಶಿಖರ. ಬೆಳಗಿನ ಬಿಸಿಲು ಮೊದಲು ಶಿಖರಕ್ಕೆ ಬಿದ್ದು ಆಮೇಲೆ ನಿಧಾನವಾಗಿ ಬಂಡೆಗಳ ಮೇಲೆ ಇಳಿಯುವುದನ್ನು ನೋಡಬೇಕು. ಒಂದು ತಮಾಷೆ ಗೊತ್ತಾ, ಇದನ್ನು ಇವರು ಬೆಟ್ಟದ ಬುಡ ಅನ್ನುತ್ತಾರೆ, ಆದರೆ ಎತ್ತರ 6,400 ಅಡಿ, ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು! ನೀವು ಡೆನ್ವರ್‌ನವರು, ಅಭ್ಯಾಸ ಇದೆ. ಅಣ್ಣ ಅತ್ತಿಗೆ ಬೇರೆ ರಾಜ್ಯದಿಂದ ಬರುವುದಾದರೆ ಎರಡು ದಿನ ಮುಂಚೆ ಬರಲಿ, ನೀರು ಜಾಸ್ತಿ ಕುಡಿಯಲಿ. ಅತ್ತಿಗೆ ಒಂದು ಸಲ ಡಾಕ್ಟರನ್ನೂ ಕೇಳಲಿ.

ಇನ್ನು ಅಕ್ಷತೆ. ಅಕ್ಕಿ, ಹೂವಿನ ಎಸಳು, ಏನನ್ನೂ ಎಸೆಯುವ ಹಾಗಿಲ್ಲ. ನಾವು ನಮ್ಮ ತಂಗಿ ಮದುವೆಯಲ್ಲಿ ಏನು ಮಾಡಿದೆವು ಅಂದರೆ, ನೆಲಕ್ಕೆ ಒಂದು ದೊಡ್ಡ ಬಿಳಿ ಪಂಚೆ ಹಾಸಿ ಅದರ ಮೇಲೆ ಇಬ್ಬರನ್ನೂ ನಿಲ್ಲಿಸಿದೆವು. ಹತ್ತಿರ ಹೋಗಿ ತಲೆಯ ಮೇಲೆ ನಾಲ್ಕು ನಾಲ್ಕು ಕಾಳು ಹಾಕುವುದು, ದೂರದಿಂದ ಎಸೆಯುವುದಿಲ್ಲ. ಮುಗಿದ ಮೇಲೆ ಪಂಚೆಯ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿದರೆ ಒಂದು ಕಾಳೂ ಹೊರಗಿಲ್ಲ. ಧಾರೆಗೂ ಹಾಗೇ, ಕೆಳಗೆ ಅಗಲವಾದ ತಟ್ಟೆ ಇಡಿ. ಜೀರಿಗೆ ಬೆಲ್ಲಕ್ಕೂ ಪಂಚೆಯೇ ಗತಿ.

ಹೋಮ ಮಾತ್ರ ಮರೆತುಬಿಡಿ. ಕುಂಡ ಬೇಡ, ಕರ್ಪೂರವೂ ಬೇಡ, ಊದುಬತ್ತಿಯೂ ಬೇಡ. ಇಲ್ಲಿ ಹುಲ್ಲು ಒಣಗಿ ಗರಿಗರಿ ಅನ್ನುತ್ತಿರುತ್ತದೆ. 2012ರಲ್ಲಿ ವಾಲ್ಡೋ ಕ್ಯಾನ್ಯನ್ ಬೆಂಕಿಯಲ್ಲಿ ಈ ಪಾರ್ಕಿನ ಉತ್ತರಕ್ಕೇ ಸುಮಾರು 350 ಮನೆ ಸುಟ್ಟುಹೋದವು, ಇಬ್ಬರು ಸತ್ತರು. ನಾವು ಅವತ್ತು ಕಾರಿಗೆ ಬಟ್ಟೆ ತುಂಬಿಕೊಂಡು ಹೊರಟವರು. ಈ ಊರಲ್ಲಿ ಬೆಂಕಿ ಕಡ್ಡಿ ಗೀರಿದರೆ ಯಾರೂ ಸುಮ್ಮನೆ ನೋಡುತ್ತಾ ನಿಲ್ಲುವುದಿಲ್ಲ. ಹೋಮ ಬೇಕೇ ಬೇಕು ಅಂದರೆ ನಮ್ಮನೆ ಗ್ಯಾರೇಜಿನ ಮುಂದೆ ಮಾಡೋಣ, ಹೊಗೆ ಅಲಾರಂ ನಾನು ನೋಡಿಕೊಳ್ಳುತ್ತೇನೆ.

ಸೀರೆ ಕೆಂಪು ಬೇಡ. ಬಂಡೆಯ ಬಣ್ಣದಲ್ಲಿ ಕಳೆದುಹೋಗುತ್ತೀರಿ.

ಹಳೇಕಾಲದವನು

ನನಗೆ ಈ ಮದುವೆ ಅರ್ಥವಾಗುವುದಿಲ್ಲ. ಮದುವೆ ಅಂದರೆ ಊಟ, ಊಟ ಅಂದರೆ ಪಂಕ್ತಿ. ಇರಲಿ. ನಾನು ಹೇಳುವುದು ಒಂದೇ, ಹೆತ್ತವರಿಗೆ ಫೋಟೋ ಕಳಿಸಿ ಮುಗಿಸಬೇಡಿ. ನನ್ನ ಮಗ ಹಾಗೆ ಮಾಡಿದ. ನಮಗೆ ವಾಟ್ಸಾಪಿನಲ್ಲಿ ಬಂತು. ಎಂಟು ವರ್ಷವಾಯಿತು, ಸೊಸೆ ಬಂಗಾರದಂಥವಳು, ಆದರೂ ನನ್ನ ಹೆಂಡತಿ ಆ ಫೋಟೋ ಇವತ್ತಿಗೂ ದೊಡ್ಡದು ಮಾಡಿ ನೋಡಿಲ್ಲ.

ಲೆಕ್ಕ ಹಾಕಿ ನೋಡಿದೆ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯೋದಯ ಏಳಕ್ಕೆ ಹತ್ತು ನಿಮಿಷ ಇರುವಾಗ. ಹನ್ನೊಂದೂವರೆ ಗಂಟೆ ಕೂಡಿಸಿದರೆ ಹಾಸನದಲ್ಲಿ ಸಂಜೆ ಆರೂ ಇಪ್ಪತ್ತು. ಇಲ್ಲಿ ಆಗಷ್ಟೇ ಹೊತ್ತು ಮುಳುಗಿರುತ್ತದೆ. ಅಂದರೆ ನಿಮಗೆ ಮುಂಜಾನೆ, ನಿಮ್ಮ ತಾಯಿಗೆ ಗೋಧೂಳಿ ಲಗ್ನ. ಇದನ್ನು ಅವರಿಗೆ ಹೀಗೇ ಹೇಳಿ, "ಪಾರ್ಕಿನಲ್ಲಿ ಬೆಳಿಗ್ಗೆ" ಅನ್ನಬೇಡಿ.

ಆದರೆ ಪಂಚಾಂಗ ನೋಡಿದ್ದೀರಾ? ಭಾದ್ರಪದ ಹುಣ್ಣಿಮೆಯಿಂದ ಮಹಾಲಯ ಅಮಾವಾಸ್ಯೆ ತನಕ ಪಿತೃಪಕ್ಷ. ನಿಮ್ಮ ಗುರುವಾರ ಅದರೊಳಗೆ ಬಿದ್ದರೆ ಅರ್ಧ ಇರುವ ಮನಸ್ಸೂ ಹೋಗುತ್ತದೆ. ವಿಜಯದಶಮಿಗೆ ಇಟ್ಟುಕೊಳ್ಳಿ, ಮುಹೂರ್ತವನ್ನೇ ನೋಡಬೇಕಾಗಿಲ್ಲ.

ಪುರೋಹಿತರಿಲ್ಲದ ಮದುವೆ ಅಂತ ಯಾರಾದರೂ ಮೂಗು ಮುರಿದರೆ ಕುವೆಂಪು ಅವರ ಮಂತ್ರಮಾಂಗಲ್ಯ ನೆನಪಿಸಿ. ಅವರ ಮಗ ತೇಜಸ್ವಿ 1966ರಲ್ಲಿ ಹಾಗೇ ಮದುವೆಯಾದದ್ದು. ನಾನು ಒಪ್ಪುವವನಲ್ಲ, ಆದರೆ ಮಲೆನಾಡಿನ ಕಡೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಫಾರ್ಮ್_ತುಂಬುವವ

ಯಾರೂ ಹೇಳದ ಒಂದು ವಿಷಯ, ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯಾ? ನಮ್ಮ ಹಳೇ ಮೈಸೂರಿನವರ ಪಾಡೇ ಅದು. ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತದೆ, ಅಮೆರಿಕದವರು ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬರೆದು ಕೈ ತೊಳೆದುಕೊಂಡಿರುತ್ತಾರೆ. ನನ್ನ ಹೆಂಡತಿಯ ಲೈಸೆನ್ಸಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಒಂದು ಥರ ಆಗಿ, ಆಮೇಲೆ ವೀಸಾ ಕಾಗದ ಕೊಡುವಾಗ ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಕೌಂಟರಿನಲ್ಲಿ ಪ್ರಿಂಟ್ ತೋರಿಸಿದಾಗ ಒಂದೊಂದು ಅಕ್ಷರ ಪಾಸ್‌ಪೋರ್ಟಿನ ಜೊತೆ ಹೋಲಿಸಿ. ನಾಚಿಕೆ ಬೇಡ, ಹಿಂದೆ ಕ್ಯೂ ಇದ್ದರೂ ಇರಲಿ.

ಸಹಿ ಹಾಕಿ ವಾಪಸ್ ಕೊಟ್ಟು ದಾಖಲಾದ ಮೇಲೆ ಸರ್ಟಿಫೈಡ್ ಕಾಪಿ ಮೂರಾದರೂ ತೆಗೆದುಕೊಳ್ಳಿ. ಒಂದಕ್ಕೆ ಕೊಲರಾಡೊ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿನಿಂದ ಅಪಾಸ್ಟಿಲ್ (ಬೇರೆ ದೇಶದಲ್ಲಿ ತೋರಿಸಲು ದಾಖಲೆ ಅಸಲಿ ಅನ್ನುವ ದೃಢೀಕರಣ) ಮಾಡಿಸಿಡಿ, ಊರಲ್ಲಿ ಯಾವುದೋ ಆಫೀಸು ಒಂದು ದಿನ ಕೇಳೇ ಕೇಳುತ್ತದೆ. ಇನ್ನೊಂದು, ಡಿಸೆಂಬರ್ 31ರೊಳಗೆ ಮದುವೆಯಾದರೆ ಅಲ್ಲಿನ ಆದಾಯ ತೆರಿಗೆಗೆ ಇಡೀ ವರ್ಷ ಮದುವೆಯಾಗಿದ್ದ ಹಾಗೇ ಲೆಕ್ಕ. ರೊಮ್ಯಾಂಟಿಕ್ ಅಲ್ಲ, ಗೊತ್ತು.

ಹಾಸನದ_ಹುಡುಗಿ

ಅಯ್ಯೋ, ಪಿತೃಪಕ್ಷ ನೋಡೇ ಇರಲಿಲ್ಲ! ಅಮ್ಮನಿಗೆ ಫೋನ್ ಮಾಡಿದೆ. ವಿಜಯದಶಮಿ ಅಂದ ಕೂಡಲೇ ಅವರ ದನಿಯೇ ಬದಲಾಯಿತು. ಆಗ ಇಲ್ಲಿ ಸೂರ್ಯೋದಯ ಏಳೂ ಕಾಲರ ಹತ್ತಿರ, ಅಲ್ಲಿ ಆರೂ ಮುಕ್ಕಾಲು. ಗೋಧೂಳಿ ತಪ್ಪುತ್ತದೆ, ಆದರೆ "ದೀಪ ಹಚ್ಚಿ ಬಾಗಿಲ ಹತ್ತಿರ ಕೂತಿರುತ್ತೇವೆ, ಬನ್ನಿ ಕೊಡುವವರೂ ಬರುತ್ತಿರುತ್ತಾರೆ, ಎಲ್ಲರಿಗೂ ತೋರಿಸಬಹುದು" ಅಂದರು. ಆರು ಜನದ ಮದುವೆಗೆ ಈಗ ನಮ್ಮ ಬೀದಿಯೇ ಬರುತ್ತಿದೆ.

ಹಳೇಕಾಲದವನು ಸರ್, ವಿಡಿಯೋ ಕಾಲ್ ಖಂಡಿತ. ಧಾರೆ ಎರೆಯುವಾಗ ಅಣ್ಣ ಫೋನನ್ನು ಕತ್ತಿನ ಹತ್ತಿರ ಹಿಡಿದುಕೊಳ್ಳುತ್ತಾನೆ, ಅಪ್ಪನ ಮುಖ ಕಾಣುವ ಹಾಗೆ.

ಪಾರ್ಕ್ ಗಾರ್ಡನ್ ಆಫ್ ದಿ ಗಾಡ್ಸ್ ಅಂತಲೇ ಆಯಿತು. ಕುಂಡ ವಾಪಸ್ ಕಳಿಸಿದೆ. ಸೀರೆ ಹಳದಿ. ಅಂತರಪಟ ಹಿಡಿಯೋಣ ಅಂತಿದ್ದೇವೆ, ಗಾಳಿಗೆ ನಿಲ್ಲುತ್ತದಾ?

ಬಿಸಿಬಿಸಿ_ಕಾಫಿ

ಕೆಳಗಿನ ಎರಡು ತುದಿಗೂ ಒಂದೊಂದು ಕಲ್ಲು ಗಂಟು ಕಟ್ಟಿ. ಕಲ್ಲು ಮನೆಯಿಂದ ತನ್ನಿ, ಪಾರ್ಕಿನದ್ದು ಮುಟ್ಟಬೇಡಿ. ಅಕ್ಟೋಬರ್ ಅಂದರೆ ಹಿಮ ಬಿದ್ದರೂ ಬೀಳಬಹುದು, ಸೀರೆಯ ಒಳಗೆ ಥರ್ಮಲ್ (ಬೆಚ್ಚನೆಯ ಒಳಉಡುಪು) ಹಾಕಿಕೊಳ್ಳಿ, ಫೋಟೋದಲ್ಲಿ ಕಾಣುವುದಿಲ್ಲ. ಲೈಸೆನ್ಸ್ ಈಗಲೇ ತೆಗೆಯಬೇಡಿ ಮತ್ತೆ, 35 ದಿನ ಮರೆಯಬೇಡಿ.

ಹಾಸನದ_ಹುಡುಗಿ

ಥರ್ಮಲ್! ಥ್ಯಾಂಕ್ಸ್. ಕೊನೇ ಪ್ರಶ್ನೆ, ಧಾರೆಗೆ ಗಿಂಡಿ ಇಲ್ಲ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲ ಷೋಪೀಸ್ ಥರ ಇವೆ. ಯಾರ ಹತ್ತಿರವಾದರೂ ಇದೆಯಾ?

ಸ್ಪ್ರಿಂಗ್ಸ್_ಅಕ್ಕ

ನನ್ನ ಹತ್ತಿರ ಇದೆ, ಬೆಳ್ಳಿಯದ್ದು. ಹಿಂದಿನ ದಿನವೇ ನಮ್ಮನೆಗೆ ಬಂದುಬಿಡಿ, ಆರೂ ಜನ. ರಾತ್ರಿ ಊಟಕ್ಕೆ ಹೋಳಿಗೆ ಮಾಡುತ್ತೇನೆ, ಹಳೇಕಾಲದವರ ಪಂಕ್ತಿಯೂ ಆದ ಹಾಗಾಯಿತು. ಗಿಂಡಿ ಮಾತ್ರ ಜೋಪಾನ, ನಮ್ಮತ್ತೆಯದ್ದು, ಮೂತಿ ಆಗಲೇ ಒಂದು ಸಲ ಬೆಸುಗೆ ಹಾಕಿಸಿದ್ದೇನೆ.