ಮಾರ್ಚಿಗೆ ಬಾವಿ ತಳ ಕಾಣುತ್ತದೆ, ಅಡಿಕೆ ತೋಟಕ್ಕೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದಿಂದ ಕೇಳುತ್ತಿದ್ದೇನೆ. ಅರ್ಧ ಎಕರೆಯಷ್ಟು ತೋಟ, ಸುಮಾರು 250 ಅಡಿಕೆ ಮರ, ನಡುವೆ ಸ್ವಲ್ಪ ಬಾಳೆ, ಕೊಕ್ಕೋ. ಈಗ ಸ್ಪ್ರಿಂಕ್ಲರ್ ಇದೆ. ಮಾರ್ಚ್ ಬಂದರೆ ಅರ್ಧ ಗಂಟೆಯಲ್ಲೇ ಪಂಪ್ ಗಾಳಿ ಎಳೆಯುತ್ತದೆ. ಬೋರ್ ತೆಗೆಸಲು ದುಡ್ಡಿಲ್ಲ, ಧೈರ್ಯವೂ ಇಲ್ಲ. ಡ್ರಿಪ್ (ಹನಿ ನೀರಾವರಿ) ಹಾಕಿದವರು ಅನುಭವ ಹೇಳುತ್ತೀರಾ?

ಬದಿಯಡ್ಕದಿಂದ:
ಅಣ್ಣ, ಪೈಪಿನ ಅಂಗಡಿಗೆ ಹೋಗುವ ಮೊದಲು ಬಾವಿಯ ಲೆಕ್ಕ ಮಾಡಿ. 10 ಅಡಿ ಅಗಲದ ಉರುಟು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರ್. ಪಂಪ್ ನಿಲ್ಲಿಸಿ ಹಗ್ಗದಲ್ಲಿ ಗುರುತು ಮಾಡಿ, ಮರುದಿನ ಅದೇ ಹೊತ್ತಿಗೆ ಎಷ್ಟು ಏರಿದೆ ನೋಡಿ. ನಿಮ್ಮ ಬಾವಿ ದಿನಕ್ಕೆ ಕೊಡುವುದು ಅಷ್ಟೇ.

ಇನ್ನು ಮರದ ಲೆಕ್ಕ. ಬೇಸಗೆಯಲ್ಲಿ ಬುಡಕ್ಕೆ ನೀರು ಹೊಯ್ಯುವುದಾದರೆ ಮರಕ್ಕೆ 175 ಲೀಟರ್, 3ರಿಂದ 5 ದಿನಕ್ಕೊಮ್ಮೆ ಎಂಬುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರ ಶಿಫಾರಸು. ನಾಲ್ಕು ದಿನಕ್ಕೊಮ್ಮೆ ಎಂದಿಟ್ಟುಕೊಂಡರೂ 250 ಮರಕ್ಕೆ ದಿನಕ್ಕೆ 11,000 ಲೀಟರ್ ಹತ್ತಿರ ಹೋಗುತ್ತದೆ. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅಂದರೆ 5,000 ಲೀಟರಿನ ಒಳಗೆ ಮುಗಿಯುತ್ತದೆ. ನಿಮ್ಮ ಬಾವಿ 10 ಅಡಿಯದ್ದಾದರೆ ದಿನಕ್ಕೆ ಎರಡೂಕಾಲು ಅಡಿಯಷ್ಟು ನೀರು ಏರಿದರೆ ಅಡಿಕೆ ಉಳಿಯುತ್ತದೆ. ಬಾಳೆ, ಕೊಕ್ಕೋಗೆ ಬೇರೆಯೇ ಡ್ರಿಪ್ಪರ್ ಇಡಬೇಕು. ಅಡಿಕೆಗೆ ಬಿಟ್ಟ ನೀರು ಅವುಗಳ ಬೇರಿಗೆ ಸಿಗುವುದಿಲ್ಲ. ಇದನ್ನು ಸುಮಾರು ಜನ ಮರೆಯುತ್ತಾರೆ.

ನಮ್ಮ ಮುರಕಲ್ಲು ಮಣ್ಣಿನಲ್ಲಿ ಒಂದೇ ಡ್ರಿಪ್ಪರ್ ಇಟ್ಟರೆ ನೀರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ. ಮರಕ್ಕೆ ಎರಡಾದರೂ ಬೇಕು, ಬುಡದ ಎರಡು ಬದಿಗೆ. ಗಂಟೆಗೆ 4 ಲೀಟರಿನವು ಎರಡಿದ್ದರೆ ಎರಡೂವರೆ ಗಂಟೆಗೆ 20 ಲೀಟರ್. ತೋಟವನ್ನು ಎರಡು ಭಾಗ ಮಾಡಿ ಗೇಟ್‌ವಾಲ್ವ್ ಹಾಕಿ, ಬೆಳಗ್ಗೆ ಒಂದು, ಸಂಜೆ ಒಂದು. ಮಧ್ಯೆ ಬಾವಿಗೂ ಊರಲು ಸಮಯ ಸಿಗುತ್ತದೆ.

ಬಾಯಾರಿನಿಂದ:
ನಮ್ಮಲ್ಲಿ ಪಂಪೇ ಇಲ್ಲ ಮಾರಾಯ್ರೆ. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಬಂದು ಮೇಲಿನ ಟ್ಯಾಂಕಿಯಲ್ಲಿ ತುಂಬುತ್ತದೆ. ಬೆರಳಿನಷ್ಟು ದಪ್ಪದ ಧಾರೆಯಾದರೂ ರಾತ್ರಿಯಿಡೀ ಬಂದರೆ ಕಡಿಮೆಯಲ್ಲ. ಟ್ಯಾಂಕಿ ತೋಟಕ್ಕಿಂತ 10 ಮೀಟರ್ ಎತ್ತರದಲ್ಲಿದ್ದರೆ ಒಂದು ಕೆ.ಜಿ. ಪ್ರೆಶರ್ ಸಿಗುತ್ತದೆ, ಡ್ರಿಪ್ಪಿಗೆ ಧಾರಾಳ. ಎರಡು ಮೂರು ಮೀಟರ್ ಮಾತ್ರ ಎತ್ತರವಿದ್ದರೆ ಡ್ರಿಪ್ಪರ್ ಬದಲು ಮೈಕ್ರೋಟ್ಯೂಬ್ ಎಂಬ ಸಪೂರ ಕೊಳವೆ ಸಿಕ್ಕಿಸಿ ಬಿಡಿ, ಅಗ್ಗ, ಕಟ್ಟಿದರೆ ಊದಿ ಸರಿ ಮಾಡಬಹುದು. ಆದರೆ ಎಲ್ಲ ಮರಕ್ಕೂ ಸಮ ನೀರು ಬೀಳುವುದಿಲ್ಲ. ಕೆಳಗಿನ ಸಾಲಿಗೆ ಜಾಸ್ತಿ, ಮೇಲಿನದಕ್ಕೆ ಕಡಿಮೆ. ಇಳಿಜಾರು ತೋಟವಾದರೆ ಸಣ್ಣ ಪೈಪನ್ನು ಇಳಿಜಾರಿಗೆ ಅಡ್ಡವಾಗಿ ಎಳೆಯಿರಿ.

ಕುಂಬಳೆಯಿಂದ:
ಡ್ರಿಪ್ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಬುಡ ಬೋಳಾಗಿದ್ದರೆ ಏನು ಪ್ರಯೋಜನ? ಸೋಗೆ, ಸೊಪ್ಪು, ತೆಂಗಿನ ಸಿಪ್ಪೆ ಎಲ್ಲ ಬುಡಕ್ಕೆ ಹಾಕಿ. ಸಿಪ್ಪೆ ಮಗುಚಿ ಹಾಕಬೇಕು, ಉಬ್ಬಿದ ಬದಿ ಮೇಲೆ. ಇದಕ್ಕೆ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ, ಅಲ್ವಾ?

ಪೆರ್ಲದಿಂದ, ಕೇಳಿದವರು:
ಬಾವಿಯ ನೀರು ಸ್ವಲ್ಪ ಕೆಂಪು. ಡ್ರಿಪ್ಪರ್ ಕಟ್ಟುತ್ತದಾ? ಸಬ್ಸಿಡಿ ನಿಜವಾಗಿ ಸಿಗುತ್ತದಾ?

ಮುಳ್ಳೇರಿಯದಿಂದ:
ಕಬ್ಬಿಣದ ಅಂಶವಿದ್ದರೆ ಕಟ್ಟಿಯೇ ಕಟ್ಟುತ್ತದೆ. ನೀರನ್ನು ಬಾವಿಯಿಂದ ನೇರ ಪೈಪಿಗೆ ಬಿಡಬೇಡಿ. ಟ್ಯಾಂಕಿಗೆ ಎತ್ತರದಿಂದ ಬೀಳಲಿ, ಗಾಳಿ ಸೇರಿದರೆ ಕೆಂಪು ಕೆಸರಾಗಿ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಫಿಲ್ಟರ್ ದಾಟಿಸಿ ಬಿಡಿ. ಫಿಲ್ಟರಿನ ಜಾಲರಿ ಆಗಾಗ ತೊಳೆಯಬೇಕು. ಪ್ರತಿ ಸಾಲಿನ ತುದಿಯ ಮಡಚು ಬಿಚ್ಚಿ, ನೀರು ತಿಳಿಯಾಗುವವರೆಗೆ ಹರಿಯಲು ಬಿಡಿ. ದುಡ್ಡು ಉಳಿಸಲು ಫಿಲ್ಟರ್ ಬಿಟ್ಟವರ ಪೈಪು ಈಗ ಬೇಲಿ ಕಟ್ಟಲು ಉಪಯೋಗವಾಗುತ್ತಿದೆ, ನಮ್ಮೂರಲ್ಲೇ ನೋಡಬಹುದು.

ಸಬ್ಸಿಡಿ ಕೇಂದ್ರದ್ದು, 2015ರ ಕೃಷಿ ಸಿಂಚಾಯಿ ಯೋಜನೆಯಲ್ಲಿತ್ತು, 2022ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಅಡಿಯಲ್ಲಿದೆ. ಐದು ಎಕರೆಯ ಒಳಗಿನ ಸಣ್ಣ ರೈತರಿಗೆ ನೂರಕ್ಕೆ 55, ಉಳಿದವರಿಗೆ 45. ಒಂದು ವಿಷಯ ಗಮನಿಸಿ. ಆ 55 ಸರ್ಕಾರ ನಿಗದಿ ಮಾಡಿದ ದರದ ಮೇಲೆ, ಅಂಗಡಿಯವನ ಬಿಲ್ಲಿನ ಮೇಲಲ್ಲ. ಮೊದಲು ಊರಿನ ಕೃಷಿ ಕಚೇರಿಯಾದ ಕೃಷಿ ಭವನದಲ್ಲಿ ಕೇಳಿ, ಅರ್ಜಿ ಪಾಸಾದ ಮೇಲೆ ಸಾಮಾನು ತೆಗೆಯಿರಿ. ಹಂದಿ ಕಾಟ ಇದ್ದರೆ ಪೈಪು ಮಣ್ಣಿನಡಿ ಹೋದರೂ ಎಬ್ಬಿಸಿ ಹಾಕುತ್ತದೆ, ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಬದಿಯಡ್ಕದಿಂದ:
ಇನ್ನೊಂದು. ಮೇ ತನಕ ನೀರು ಎಳೆಯಬೇಕು. ಒಮ್ಮೆ ಬರಕ್ಕೆ ಬಿದ್ದ ಅಡಿಕೆ ಮರ ಸುಧಾರಿಸಲು ಎರಡು ಮೂರು ವರ್ಷ ಬೇಕು. ಹತ್ತಿರ ತೋಡು (ಸಣ್ಣ ಹೊಳೆ) ಇದ್ದರೆ ನೆರೆಯವರು ಸೇರಿ ಅದಕ್ಕೆ ಅಡ್ಡವಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಿ, ಬಾವಿಗೂ ಒರತೆ ಹೆಚ್ಚುತ್ತದೆ. ತೋಡಿನ ನೀರು ನಿಲ್ಲುವ ಮೊದಲೇ ಹಾಕಬೇಕು.

ಪೆರ್ಲದಿಂದ, ಕೇಳಿದವರು:
ತೋಡು ಇದೆ, ಈಗಲೂ ಹರಿಯುತ್ತಿದೆ. ಈ ವಾರವೇ ಹಗ್ಗ ಇಳಿಸಿ ಬಾವಿ ಅಳೆಯುತ್ತೇನೆ.

ಬದಿಯಡ್ಕದಿಂದ:
ಜನವರಿಯ ಅಳತೆ ನಂಬಿ ಪೈಪ್ ತರಬೇಡಿ. ಮಾರ್ಚ್ ಕೊನೆಗೆ ಮತ್ತೊಮ್ಮೆ ಅಳೆಯಿರಿ. ಕಟ್ಟಕ್ಕೆ ಮಾತ್ರ ಕಾಯಬೇಡಿ, ನೆರೆಯವರ ಹತ್ತಿರ ನಾಳೆಯೇ ಮಾತಾಡಿ.