ಸಣ್ಣ ಮರದ ಲೇಥ್‌ನಲ್ಲಿ ಗರಗರ ಸದ್ದು: ಸ್ಪಿಂಡಲ್ ಬೇರಿಂಗ್ ಬದಲಿಸಬೇಕೇ?

ಹೊಸಉಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಕೂರಿಸಿ ಬಳಸುವಂಥ ಒಂದು ಸಣ್ಣ ಮರದ ಲೇಥ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ನನ್ನ ಬಳಿ ಇದೆ. ಎರಡು ಮೊನೆಗಳ ನಡುವೆ ಸುಮಾರು 450 ಮಿಲಿಮೀಟರ್ ಉದ್ದದ ಮರ ಹಿಡಿಯುತ್ತದೆ. ಅರ್ಧ ಅಶ್ವಶಕ್ತಿಯ ಇಂಡಕ್ಷನ್ ಮೋಟಾರು, ಐದು ಮೆಟ್ಟಿಲಿನ ಪುಲ್ಲಿ, ವಿ-ಬೆಲ್ಟ್, ಎರಡೂ ಕಡೆ 2ನೇ ಸಂಖ್ಯೆಯ ಮೋರ್ಸ್ ಟೇಪರ್ (ಮೊನೆಗಳು ಕೂರುವ, ಒಳಕ್ಕೆ ಹೋದಂತೆ ಕಿರಿದಾಗುವ ರಂಧ್ರ). ಬಹುಕಾಲ ಬಳಕೆಯಿಲ್ಲದೆ ನಿಂತಿದ್ದ ಈ ಯಂತ್ರವನ್ನು ಈಚೆಗೆ ಮತ್ತೆ ಚಾಲೂ ಮಾಡಿದ್ದೇನೆ.

ವೇಗ ಕಡಿಮೆಯಿದ್ದಾಗ ಧಡಕ್ ಧಡಕ್ ಎಂದು ಒಂದೇ ಲಯದ ಬಡಿತ ಕೇಳುತ್ತದೆ. ವೇಗ ಹೆಚ್ಚಿಸಿದರೆ ಆ ಬಡಿತ ಅಡಗಿ, ಯಂತ್ರದ ಎಡಬದಿಯಿಂದ ಗರಗರ ಸದ್ದು ಏಳುತ್ತದೆ. ಉದ್ದನೆಯ ಸಪೂರ ತುಂಡುಗಳನ್ನು ಕಡೆದಾಗ ಮೇಲ್ಮೈಯಲ್ಲಿ ಸುರುಳಿ ಸುತ್ತಿದಂತೆ ಅಲೆಗಳು ಮೂಡುತ್ತಿವೆ. ಇದರ ಜೊತೆಗೆ, ಟೇಲ್‌ಸ್ಟಾಕನ್ನು (ಮರದ ಬಲತುದಿಯನ್ನು ಹಿಡಿಯುವ, ಸರಿದಾಡುವ ಭಾಗವನ್ನು) ಹತ್ತಿರ ತಂದು ಮೊನೆಗೆ ಮೊನೆ ಕೂಡಿಸಿದರೆ ಸುಮಾರು ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ತಪ್ಪುತ್ತದೆ.

ಮರವನ್ನು ತಿರುಗಿಸುವ ಅಚ್ಚಾದ ಸ್ಪಿಂಡಲ್‌ನ ಬೇರಿಂಗ್‌ಗಳು ಸವೆದಿವೆ ಎಂಬುದು ನನ್ನ ಊಹೆ; ಅದನ್ನು ಹೊತ್ತಿರುವ ಎಡಬದಿಯ ಹೆಡ್‌ಸ್ಟಾಕ್ ಬಿಚ್ಚಬೇಕೆಂದಿದ್ದೇನೆ. ಬೇರಿಂಗ್ ಕೂರಿಸುವ ಪ್ರೆಸ್ ನನ್ನಲ್ಲಿಲ್ಲ. ಮನೆಯಲ್ಲಿರುವ ಸಲಕರಣೆಗಳಿಂದಲೇ ಈ ಕೆಲಸ ಸಾಧ್ಯವೇ, ಬಿಚ್ಚುವ ಮೊದಲು ನೋಡಬೇಕಾದ ಬೇರೇನಾದರೂ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮರಹೊಟ್ಟು

ದಯವಿಟ್ಟು ಈಗಲೇ ಹೆಡ್‌ಸ್ಟಾಕಿಗೆ ಕೈ ಹಾಕಬೇಡಿ. ನೀವು ಹೇಳಿದ ತೊಂದರೆಗಳು ಒಂದೇ ಮೂಲದಿಂದ ಹುಟ್ಟಿದಂತೆ ನನಗೆ ತೋರುವುದಿಲ್ಲ. ಸಣ್ಣ ಲೇಥ್‌ಗಳಲ್ಲಿ ಎಲ್ಲ ಸದ್ದಿಗೂ ಸ್ಪಿಂಡಲ್ ಬೇರಿಂಗನ್ನೇ ಹೊಣೆ ಮಾಡುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಆ ಯಂತ್ರದಲ್ಲಿ ಸುಲಭವಾಗಿ ಕೆಡದ ಭಾಗಗಳಲ್ಲಿ ಅದೂ ಒಂದು.

ಮೊದಲು ಪ್ಲಗ್ ಕಿತ್ತು, ಬೆಲ್ಟನ್ನು ಪುಲ್ಲಿಯಿಂದ ಜಾರಿಸಿ ಸಡಿಲವಾಗಿ ಬಿಡಿ. ಮರ ಹಿಡಿಯುವ ಚಕ್, ಫೇಸ್‌ಪ್ಲೇಟ್ ಎಲ್ಲವನ್ನೂ ತೆಗೆದು, ಸ್ಪಿಂಡಲನ್ನು ಬರಿಗೈಯಲ್ಲಿ ನಿಧಾನವಾಗಿ ತಿರುಗಿಸಿ. ಬೇರಿಂಗ್‌ನ ಗುಂಡುಗಳು ಓಡುವ ದಾರಿಯಲ್ಲಿ ತುಕ್ಕಿನ ಅಥವಾ ಪೆಟ್ಟಿನ ಕುಳಿಗಳಿದ್ದರೆ ಬೆರಳಿಗೆ ಮರಳು ಸಿಕ್ಕಿದಂಥ ಒರಟುತನ ತಿಳಿಯುತ್ತದೆ. ಸ್ಪಿಂಡಲ್‌ನ ಮೂತಿಯ ಕೆಳಗೆ ಒಂದು ಗಟ್ಟಿ ಮರದ ಪಟ್ಟಿಯನ್ನು ಸನ್ನೆಯಂತೆ ಕೊಟ್ಟು ಮೇಲಕ್ಕೆತ್ತಿ ನೋಡಿ. ಬೇರಿಂಗ್ ಸವೆದಿದ್ದರೆ ಸಣ್ಣದಾದರೂ ಒಂದು ಆಟ (ಅಲುಗಾಟ) ಕಾಣುತ್ತದೆ. ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಅಳತೆಯ ಸಲಕರಣೆ) ಇದ್ದರೆ ಅದರ ಮೊನೆಯನ್ನು ಸ್ಪಿಂಡಲ್‌ನ ಟೇಪರ್‌ನ ಒಳಗೋಡೆಗೆ ತಾಗಿಸಿ ಒಂದು ಸುತ್ತು ತಿರುಗಿಸಿ. ಮುಳ್ಳು ಎರಡು ಮೂರು ನೂರನೇ ಮಿಲಿಮೀಟರಿನೊಳಗೆ ಆಡುತ್ತಿದ್ದರೆ ಮರದ ಕೆಲಸಕ್ಕೆ ಆ ಸ್ಪಿಂಡಲ್ ಧಾರಾಳವಾಗಿ ಸಾಕು.

ಆಮೇಲೆ ಬೆಲ್ಟ್ ಮೋಟಾರಿನ ಪುಲ್ಲಿಗೂ ತಾಗದಂತೆ ಕಟ್ಟಿ, ಮೋಟಾರನ್ನು ಮಾತ್ರ ಚಾಲೂ ಮಾಡಿ, ಪೂರ್ಣ ವೇಗಕ್ಕೆ ಬಂದ ಮೇಲೆ ಸ್ವಿಚ್ ಆರಿಸಿ. ಆರಿಸಿದ ಕ್ಷಣದಲ್ಲೇ ನಿಲ್ಲುವ ಸದ್ದು ವಿದ್ಯುತ್ತಿನದು. ಮೋಟಾರು ತಾನಾಗಿ ಸುತ್ತಿ ಸುತ್ತಿ ನಿಲ್ಲುವವರೆಗೂ ಮುಂದುವರಿಯುವ ಸದ್ದು ಯಾಂತ್ರಿಕವಾದದ್ದು, ಎಂದರೆ ಮೋಟಾರಿನ ಬೇರಿಂಗ್ ಅಥವಾ ಫ್ಯಾನಿನದು. ಮೋಟಾರೂ ಹೆಡ್‌ಸ್ಟಾಕೂ ಎಡಬದಿಯಲ್ಲೇ ಇರುವುದರಿಂದ ಕಿವಿಗೆ ಇವೆರಡರ ವ್ಯತ್ಯಾಸ ಸುಲಭವಾಗಿ ಸಿಗುವುದಿಲ್ಲ.

ಕಡಿಮೆ ವೇಗದ ಧಡಕ್ ಸದ್ದು ಬಹುಮಟ್ಟಿಗೆ ಬೆಲ್ಟಿನದು. ಬಹುಕಾಲ ಒಂದೇ ಭಂಗಿಯಲ್ಲಿ ನಿಂತ ವಿ-ಬೆಲ್ಟ್ ಪುಲ್ಲಿಯ ಬಳಿ ಬಾಗಿದಲ್ಲೇ ಗಟ್ಟಿಯಾಗಿ, ಆ ಬಾಗು ಪ್ರತಿ ಸಲ ಪುಲ್ಲಿ ಹತ್ತುವಾಗ ಒಮ್ಮೆ ಕುಟ್ಟುತ್ತದೆ. ಬೆಲ್ಟಿನ ಉದ್ದ ಪುಲ್ಲಿಯ ಸುತ್ತಳತೆಗಿಂತ ಹೆಚ್ಚು. ಆದ್ದರಿಂದ ಬಡಿತವೂ ಸ್ಪಿಂಡಲ್‌ನ ಸುತ್ತಿಗಿಂತ ನಿಧಾನವಾಗಿರುತ್ತದೆ. ಬೆಲ್ಟಿನ ಬೆನ್ನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಕೈಯಿಂದ ತಿರುಗಿಸುತ್ತ ಬಡಿತಕ್ಕೂ ಗೆರೆಗೂ ತಾಳೆ ಹಾಕಿ ನೋಡಿದರೆ ಸಂಶಯ ಉಳಿಯದು.

ಸುರುಳಿ ಅಲೆಗಳಿಗೆ ಯಂತ್ರವೇ ಕಾರಣವಾಗಿರಬೇಕೆಂದಿಲ್ಲ. ತುಂಡಿನ ಉದ್ದ ಅದರ ದಪ್ಪದ ಹತ್ತು ಪಟ್ಟಿಗಿಂತ ಹೆಚ್ಚಾದರೆ ಉಳಿಯ ಒತ್ತಡಕ್ಕೆ ನಡುವೆ ಬಳುಕಿ ಇಂಥದೇ ಅಲೆಗಳು ಬೀಳುತ್ತವೆ. ಟೇಲ್‌ಸ್ಟಾಕನ್ನು ಅತಿಯಾಗಿ ಬಿಗಿದರೂ ತುಂಡು ಬಿಲ್ಲಿನಂತೆ ಬಾಗುತ್ತದೆ. ಗಿಡ್ಡನೆಯ ದಪ್ಪ ತುಂಡೊಂದನ್ನು ಕಡೆದು ನೋಡಿ. ಅದು ನುಣುಪಾಗಿ ಬಂದರೆ ಬೇರಿಂಗಿನ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಗುತ್ತದೆ.

ಎಣ್ಣೆಡಬ್ಬಿ

ಇಷ್ಟೆಲ್ಲ ಪರೀಕ್ಷೆಗೆ ಮೊದಲು ಬೇರಿಂಗ್‌ನ ಎರಡೂ ಬದಿಗೆ ತೆಳುವಾದ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಓಡಿಸಿ ನೋಡಬಾರದೇಕೆ? ಸದ್ದು ನಿಂತರೆ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಸಾಣೆಕಲ್ಲು

ಎಣ್ಣೆಯ ಸಲಹೆ ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ. ಹಳೆಯ ಕಾಲದ ಕೆಲವು ಲೇಥ್‌ಗಳಲ್ಲಿ ಸ್ಪಿಂಡಲ್ ಕಂಚಿನ ಬುಶ್‌ಗಳಲ್ಲಿ (ಗುಂಡುಗಳಿಲ್ಲದ ಬಳೆಗಳಲ್ಲಿ) ತಿರುಗುತ್ತದೆ, ಹೆಡ್‌ಸ್ಟಾಕಿನ ತಲೆಯ ಮೇಲೆ ಎಣ್ಣೆಯ ಬಟ್ಟಲು ಇರುತ್ತದೆ. ಅವುಗಳಿಗೆ ಎಣ್ಣೆ ಬೇಕೇ ಬೇಕು, ಒಣಗಿದರೆ ಬುಶ್ ಕಚ್ಚಿಕೊಳ್ಳುತ್ತದೆ. ಆದರೆ ಪ್ರಶ್ನೆ ಕೇಳಿದವರು ವಿವರಿಸಿದಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಮುಚ್ಚಿದ ಬಾಲ್ ಬೇರಿಂಗ್. ಅದರೊಳಗೆ ಗ್ರೀಸ್ ತುಂಬಿಯೇ ಬಂದಿರುತ್ತದೆ. ಹೊರಗಿನಿಂದ ಬಿಟ್ಟ ತೆಳು ಎಣ್ಣೆ ಒಳಗೆ ಇಳಿದರೆ ಆ ಗ್ರೀಸನ್ನು ಕರಗಿಸಿ ಹೊರಗೆಳೆಯುತ್ತದೆ, ಇಳಿಯದೆ ಹೊರಗೇ ನಿಂತರೆ ಮರದ ಹೊಟ್ಟನ್ನು ಹಿಡಿದು ಅಂಟಿನಂತಾಗುತ್ತದೆ. ಕೆಲವು ದಿನ ಸದ್ದು ಕುಗ್ಗಬಹುದು. ಅದನ್ನು ರಿಪೇರಿ ಎನ್ನಲಾಗದು.

ಪರೀಕ್ಷೆಯ ನಂತರವೂ ಬದಲಿಸಲೇಬೇಕೆಂದಾದರೆ ಪ್ರೆಸ್ ಇಲ್ಲದೆಯೂ ಸಾಧ್ಯವಿದೆ. ಬೇರಿಂಗ್‌ನ ಅಂಚಿನಲ್ಲಿ 6205 ಎಂಬಂಥ ಸಂಖ್ಯೆ ಕೊರೆದಿರುತ್ತದೆ. ಕೊನೆಯ ಎರಡು ಅಂಕಿಗಳು 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವನ್ನು ಐದರಿಂದ ಗುಣಿಸಿದಾಗ ಒಳರಂಧ್ರದ ವ್ಯಾಸ ಸಿಗುತ್ತದೆ. 6205ರದು 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಸಂಖ್ಯೆಯ ಮುಂದಿನ ಅಕ್ಷರಗಳನ್ನೂ ಬರೆದಿಟ್ಟುಕೊಳ್ಳಿ. 2ಆರ್‌ಎಸ್ ಎಂದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ, ಝಡ್‌ಝಡ್ ಎಂದರೆ ತಗಡಿನದು. ಹೊಟ್ಟು ಹಾರುವ ಕಡೆ ರಬ್ಬರಿನದೇ ಮೇಲು.

ಬಿಚ್ಚುವಾಗ ಪ್ರತಿ ಹಂತದ ಚಿತ್ರ ತೆಗೆದುಕೊಳ್ಳಿ. ಸ್ಪಿಂಡಲ್‌ನ ಹಿಂತುದಿಯ ಕೈಚಕ್ರಕ್ಕೆ ಹಲವು ಯಂತ್ರಗಳಲ್ಲಿ ಎಡಮರೆಯ ತಿರುಪು (ವಾಡಿಕೆಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚುವಂಥದು) ಇರುತ್ತದೆ. ಬಲವಂತ ಮಾಡುವ ಮೊದಲು ಅದನ್ನು ಗಮನಿಸಿ. ಪುಲ್ಲಿಯ ಗ್ರಬ್ ಸ್ಕ್ರೂಗಳನ್ನು (ಪುಲ್ಲಿಯನ್ನು ಸ್ಪಿಂಡಲಿಗೆ ಹಿಡಿದಿಡುವ, ತಲೆಯಿಲ್ಲದ ಸಣ್ಣ ತಿರುಪುಗಳನ್ನು) ಸಡಿಲಿಸಿ, ಸರ್‌ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ಉಂಗುರ) ಇದ್ದರೆ ತೆಗೆದು, ಸ್ಪಿಂಡಲ್‌ನ ಭುಜ (ಅದು ದಪ್ಪಗಾಗುವ ಮೆಟ್ಟಿಲು) ಯಾವ ಕಡೆಗಿದೆಯೆಂದು ನೋಡಿದ ಮೇಲಷ್ಟೇ ಹೊರದೂಡಿ. ಹೆಚ್ಚಿನ ಸಣ್ಣ ಯಂತ್ರಗಳಲ್ಲಿ ಸ್ಪಿಂಡಲ್ ಟೇಲ್‌ಸ್ಟಾಕಿನ ಕಡೆಗೆ ಹೊರಬರುತ್ತದೆ. ಉಕ್ಕಿನ ಸುತ್ತಿಗೆಯಿಂದ ನೇರವಾಗಿ ಹೊಡೆದರೆ ತುದಿಯ ಮರೆಗಳು ಹಾಳಾಗುತ್ತವೆ, ಆದ್ದರಿಂದ ನಡುವೆ ಮರದ ತುಂಡು ಇಟ್ಟು ಕೊಡತಿಯಿಂದ ಬಡಿಯಿರಿ.

ಕೂರಿಸುವಾಗ ತಪ್ಪದೆ ಪಾಲಿಸಬೇಕಾದ ನಿಯಮವೆಂದರೆ, ಸ್ಪಿಂಡಲ್ ಮೇಲೆ ಏರಿಸುವಾಗ ಒಳಬಳೆಯನ್ನು ಮಾತ್ರ ತಳ್ಳಬೇಕು, ಹೆಡ್‌ಸ್ಟಾಕಿನ ರಂಧ್ರಕ್ಕೆ ಇಳಿಸುವಾಗ ಹೊರಬಳೆಯನ್ನು ಮಾತ್ರ. ತಳ್ಳುವ ಬಲ ಗುಂಡುಗಳ ಮೂಲಕ ಹಾದುಹೋದರೆ ಹೊಸ ಬೇರಿಂಗ್ ಕೂರಿಸುವಾಗಲೇ ಕುಳಿ ಬೀಳುತ್ತದೆ. ಅಳತೆಗೆ ತಕ್ಕ ಕೊಳವೆಯ ತುಂಡು, ಉದ್ದನೆಯ ಮರೆಸರಳು, ಎರಡು ನಟ್ಟು, ಕೆಲವು ದಪ್ಪ ವಾಷರ್‌ಗಳಿದ್ದರೆ ನಟ್ಟು ಬಿಗಿಯುತ್ತಲೇ ನೇರವಾಗಿ ಎಳೆದುಕೊಳ್ಳಬಹುದು. ಸ್ಪಿಂಡಲನ್ನು ಫ್ರೀಜರ್‌ನಲ್ಲಿಟ್ಟು, ಬೇರಿಂಗನ್ನು ಹದವಾಗಿ ಬಿಸಿ ಮಾಡಿದರೆ ಕೆಲಸ ಇನ್ನೂ ಹಗುರ. ಆದರೆ ಮುಚ್ಚಿದ ಬೇರಿಂಗ್‌ಗೆ 80 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಬೆಂಕಿಯ ಜ್ವಾಲೆಯನ್ನಂತೂ ತೋರಿಸಲೇಬಾರದು.

ಒಂದು ಮಾತು ಮರೆಯುವ ಮುನ್ನ: ವಿ-ಬೆಲ್ಟಿಗೆ ಕೂಡುಜಾಗವಿಲ್ಲ. ಸ್ಪಿಂಡಲ್ ಒಳಗೆ ಹೋಗುವಾಗಲೇ ಅದನ್ನು ಪುಲ್ಲಿಯ ಸುತ್ತ ತೊಡಿಸಿರಬೇಕು. ಎಲ್ಲ ಬಿಗಿದಾದ ಮೇಲೆ ಬೆಲ್ಟ್ ಮೇಜಿನ ಮೇಲೆ ಉಳಿದಿದೆಯೆಂದು ತಿಳಿದರೆ ಮತ್ತೆ ಮೊದಲಿನಿಂದ ಬಿಚ್ಚಬೇಕಾಗುತ್ತದೆ.

ತಿರುಗುಮರ

ಮೊನೆಗಳು ತಪ್ಪುವ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೊದಲು ಎರಡೂ ಟೇಪರ್‌ಗಳ ಒಳಗನ್ನು ಒಣ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ. ಯಂತ್ರ ನಿಂತಿರುವಾಗ ಮಾತ್ರ, ತಿರುಗುವ ಸ್ಪಿಂಡಲ್‌ನೊಳಗೆ ಬೆರಳಾಗಲಿ ಬಟ್ಟೆಯಾಗಲಿ ಹೋಗಕೂಡದು. ಮೋರ್ಸ್ ಟೇಪರ್‌ನ ಇಳಿಜಾರು ಸುಮಾರು ಇಪ್ಪತ್ತಕ್ಕೆ ಒಂದರಷ್ಟು ಸಣ್ಣದು, ಹಾಗಾಗಿ ಒಂದು ಬದಿಗೆ ಅಂಟಿದ ಚೂರು ಹೊಟ್ಟು ಸಹ ಮೊನೆಯನ್ನು ಓರೆ ಮಾಡುತ್ತದೆ.

ಅಷ್ಟಾದರೂ ತಪ್ಪುತ್ತಿದ್ದರೆ, ಲೇಥನ್ನು ಮೇಜಿಗೆ ಹಿಡಿದಿರುವ ಬೋಲ್ಟ್‌ಗಳನ್ನೆಲ್ಲ ಸಡಿಲಿಸಿ ಮತ್ತೆ ಮೊನೆ ಕೂಡಿಸಿ ನೋಡಿ. ಮೇಜಿನ ಹಲಗೆ ಸಮತಟ್ಟಾಗಿಲ್ಲದಿದ್ದರೆ ಬೋಲ್ಟ್ ಬಿಗಿದಂತೆ ಲೇಥ್‌ನ ಬೆಡ್ (ಉದ್ದನೆಯ ತಳಭಾಗ) ತಿರುಚಿಕೊಳ್ಳುತ್ತದೆ. ಎರಕದ ಕಬ್ಬಿಣ ಬಾಗಲಾರದೆಂದು ನಂಬುವವರೇ ಹೆಚ್ಚು, ಆದರೆ ಸಣ್ಣ ಲೇಥ್‌ನ ಬೆಡ್ ಚೆನ್ನಾಗಿಯೇ ಬಾಗುತ್ತದೆ. ಸಡಿಲಿಸಿದಾಗ ಮೊನೆಗಳು ಕೂಡಿದರೆ, ಗಾಳಿ ಆಡುವ ಕಾಲಿನ ಕೆಳಗೆ ತೆಳು ತಗಡು ಕೊಟ್ಟು ಬಿಗಿಯಿರಿ. ಟೇಲ್‌ಸ್ಟಾಕಿನ ನಾಲಗೆಗೂ ಬೆಡ್‌ನ ಸಂದಿಗೂ ನಡುವೆ ಸಡಿಲವಿದ್ದರೆ, ಪ್ರತಿ ಸಲವೂ ಅದನ್ನು ಒಂದೇ ಬದಿಗೆ ಒತ್ತಿ ಹಿಡಿದು ಬಿಗಿಯುವುದೂ ಸಾಕಾಗಬಹುದು.

ಬೆಡ್‌ನ ಮೇಲೆ ತುಕ್ಕಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಒರೆಸಿ, ತೆಳುವಾಗಿ ಮೇಣ ಹಚ್ಚಿ. ಎಣ್ಣೆ ಹಚ್ಚಿದರೆ ಹೊಟ್ಟು ಅಂಟುತ್ತದೆ. ಹಸಿಮರ ಕಡೆದ ದಿನ ಇದನ್ನು ಮರುದಿನಕ್ಕೆ ಮುಂದೂಡಬಾರದು, ಏಕೆಂದರೆ ತೊಗರು (ಟ್ಯಾನಿನ್) ಹೆಚ್ಚಿರುವ ಮರದ ರಸ ಕಬ್ಬಿಣಕ್ಕೆ ತಾಗಿದಲ್ಲಿ ಒಂದೇ ರಾತ್ರಿಯಲ್ಲಿ ಕಪ್ಪು ಕಲೆ ಬೀಳುತ್ತದೆ. ಉಳಿಯನ್ನು ಊರುವ ಟೂಲ್ ರೆಸ್ಟ್‌ನ ಅಂಚನ್ನೂ ಬೆರಳಿನಿಂದ ಸವರಿ ನೋಡಿ. ಅಲ್ಲಿನ ಸಣ್ಣ ಗಾಯಗಳಲ್ಲಿ ಉಳಿ ತಡೆದು ತಡೆದು ಸರಿಯುವುದರಿಂದಲೂ ಮರದ ಮೇಲೆ ಅಲೆ ಬೀಳುತ್ತದೆ. ಚಪ್ಪಟೆ ಅರದಿಂದ ಉದ್ದಕ್ಕೆ ಉಜ್ಜಿ, ನಯವಾದ ಉಪ್ಪುಕಾಗದ ಹಾಕಿದರೆ ಆಯಿತು.

ಹೊಸಉಳಿ

ಎಲ್ಲರಿಗೂ ಕೃತಜ್ಞತೆಗಳು. ಸೂಚಿಸಿದ ಪರೀಕ್ಷೆಗಳನ್ನು ಮಾಡಿದೆ. ಬೆಲ್ಟ್ ಬಿಡಿಸಿದಾಗ ಸ್ಪಿಂಡಲ್ ನಿಶ್ಶಬ್ದವಾಗಿ, ನುಣುಪಾಗಿ ತಿರುಗುತ್ತದೆ. ಸನ್ನೆ ಕೊಟ್ಟರೂ ಆಟವಿಲ್ಲ. ಧಡಕ್ ಸದ್ದು ಸೀಮೆಸುಣ್ಣದ ಗೆರೆಗೆ ಸರಿಯಾಗಿ ತಾಳೆಯಾಯಿತು. ಬೆಲ್ಟ್ ಎರಡು ಕಡೆ ಬಾಗಿ ಗಟ್ಟಿಯಾಗಿದೆ, ಒಳಬದಿಯಲ್ಲಿ ಸಣ್ಣ ಬಿರುಕುಗಳೂ ಇವೆ. ಗರಗರ ಸದ್ದು ಬರುತ್ತಿರುವುದು ಮೋಟಾರಿನಿಂದ, ಸ್ವಿಚ್ ಆರಿಸಿದ ಮೇಲೂ ಅದು ನಿಲ್ಲುವವರೆಗೆ ಕೇಳುತ್ತದೆ. ಬೋಲ್ಟ್ ಸಡಿಲಿಸಿದಾಗ ಮೊನೆಗಳು ಹೆಚ್ಚುಕಡಿಮೆ ಕೂಡಿದವು. ದಪ್ಪ ತುಂಡಿನ ಮೇಲೆ ಅಲೆ ಇಲ್ಲ.

ಈಗ ಎರಡು ಪ್ರಶ್ನೆಗಳಿವೆ. ಬೆಲ್ಟ್ ಬದಲಿಸಲು ಹೇಗೂ ಸ್ಪಿಂಡಲ್ ಹೊರತೆಗೆಯಬೇಕಲ್ಲ, ಆಗ ಅದರ ಬೇರಿಂಗನ್ನೂ ಬದಲಿಸಿಬಿಡುವುದು ಜಾಣತನವೇ? ಮೋಟಾರನ್ನು ನಾನೇ ಬಿಚ್ಚಬಹುದೇ?

ಮರಹೊಟ್ಟು

ಚೆನ್ನಾಗಿರುವ ಸ್ಪಿಂಡಲನ್ನು ಬೆಲ್ಟಿಗಾಗಿ ಹೊರಗೆಳೆಯುವುದು ನನಗೆ ಒಪ್ಪಿಗೆಯಿಲ್ಲ. ಬಡಿದು ಹೊರತೆಗೆಯುವಾಗ ಪೆಟ್ಟು ಗುಂಡುಗಳ ಮೂಲಕ ಹಾದಿರುವ ಸಾಧ್ಯತೆ ಇರುವುದರಿಂದ, ಒಮ್ಮೆ ಹಾಗೆ ತೆಗೆದ ಬೇರಿಂಗನ್ನು ಮತ್ತೆ ಬಳಸಬಾರದು. ಎಂದರೆ ಕೆಡದಿದ್ದ ಭಾಗವನ್ನು ನೀವೇ ಕೆಡಿಸಿ ಬದಲಿಸಿದಂತಾಗುತ್ತದೆ. ಕೊಂಡಿಕೊಂಡಿಯಾಗಿ ಜೋಡಿಸುವ ಲಿಂಕ್ ಬೆಲ್ಟ್ ಸಿಗುತ್ತದೆ. ಹಳೆಯದನ್ನು ಕತ್ತರಿಸಿ ತೆಗೆದು, ಅದೇ ಅಗಲದ ಲಿಂಕ್ ಬೆಲ್ಟನ್ನು ಪುಲ್ಲಿಯ ಸುತ್ತ ಹಾಯಿಸಿ, ಬೇಕಾದ ಉದ್ದಕ್ಕೆ ಕೊಂಡಿ ಕೂಡಿಸಿದರೆ ಮುಗಿಯಿತು. ಅದು ಬಾಗಿ ಗಟ್ಟಿಯಾಗುವುದೂ ಇಲ್ಲ. ಹಾಕುವ ಮುನ್ನ ಎರಡು ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿಯೊಂದನ್ನು ಒತ್ತಿ ಅವು ಒಂದೇ ಸಾಲಿನಲ್ಲಿವೆಯೇ ಎಂದು ನೋಡಿ, ಗ್ರಬ್ ಸ್ಕ್ರೂಗಳನ್ನು ಬಿಗಿಯಿರಿ.

ಸಾಣೆಕಲ್ಲು

ಲಿಂಕ್ ಬೆಲ್ಟಿನ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಕೊಂಡಿಯ ನಾಲಗೆಗಳು ಒಳಮುಖವಾಗಿರಲಿ, ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಹೊಂದಿಸಿ.

ಮೋಟಾರನ್ನು ಬಿಚ್ಚಬಹುದು, ಆದರೆ ಅದರಲ್ಲಿ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಸ್ಕ್ರೂಡ್ರೈವರ್‌ನಿಂದ ಎರಡು ತುದಿಗಳನ್ನು ತಾಗಿಸಿ ಕಿಡಿ ಹಾರಿಸುವ ಅಭ್ಯಾಸ ಬೇಡ. ಹೋಲ್ಡರ್‌ಗೆ ತಂತಿ ಜೋಡಿಸಿದ ಹಳೆಯ ಕಾಲದ ಫಿಲಮೆಂಟ್ ಬಲ್ಬಿನ ಮೂಲಕ ಖಾಲಿ ಮಾಡಿ, ಮೀಟರ್‌ನಿಂದ ಖಚಿತಪಡಿಸಿಕೊಂಡು ಮುಂದುವರಿಯಿರಿ. ಇದರಲ್ಲಿ ಅಳುಕಿದ್ದರೆ ಮೋಟಾರನ್ನು ಇಡಿಯಾಗಿ ಕಳಚಿ ವೈಂಡಿಂಗ್ ಮಾಡುವವರ ಕೈಗೆ ಕೊಡುವುದೇ ಸರಿ. ಮೋಟಾರಿನ ಬೇರಿಂಗ್ ಬದಲಿಸುವುದು ಅವರಿಗೆ ದಿನನಿತ್ಯದ ಕೆಲಸ.

ನೀವೇ ಮಾಡುವುದಾದರೆ, ಬಿಚ್ಚುವ ಮೊದಲು ಎರಡು ಕೊನೆಯ ಮುಚ್ಚಳಗಳಿಗೂ ನಡುವಿನ ಕವಚಕ್ಕೂ ಸೇರಿದಂತೆ ಪಂಚ್‌ನಿಂದ ಗುರುತು ಹಾಕಿ, ಇಲ್ಲವಾದರೆ ಮರಳಿ ಕೂಡಿಸುವಾಗ ಮುಚ್ಚಳ ಬೇರೆ ಕೋನದಲ್ಲಿ ಕೂತು ಶಾಫ್ಟ್ ಬಿಗಿಯಾಗುತ್ತದೆ. ಒಂದು ತುದಿಯಲ್ಲಿ ಅಲೆಯಾಕಾರದ ತೆಳು ವಾಷರ್ ಇರುತ್ತದೆ, ಅದು ಯಾವ ಬದಿಯದೆಂದು ಬರೆದಿಟ್ಟುಕೊಳ್ಳಿ. ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್‌ನಲ್ಲಿ (ಮೋಟಾರು ವೇಗ ಪಡೆದೊಡನೆ ತಾನಾಗಿ ತೆರೆದುಕೊಳ್ಳುವ ಸ್ವಿಚ್‌ನಲ್ಲಿ) ಹೊಟ್ಟು ತುಂಬಿರುವುದು ಸಾಮಾನ್ಯ. ಬ್ರಷ್‌ನಿಂದ ಶುಚಿ ಮಾಡಿ, ಅದರ ಸಂಪರ್ಕ ಬಿಂದುಗಳು ಕಪ್ಪಾಗಿದ್ದರೆ ನಯವಾಗಿ ಒರೆಸಿ. ಮೋಟಾರು ಗುಂಯ್‌ಗುಡುತ್ತ ಮೇಲೇಳದೆ ನಿಲ್ಲುವ ತೊಂದರೆಗೆ ಈ ಬಿಂದುಗಳು ಅಥವಾ ಕೆಪಾಸಿಟರ್ ಕಾರಣವಾಗಿರುವುದೇ ಹೆಚ್ಚು.

ಜೋಡಿಸಿದ ಮೇಲೆ ಶಾಫ್ಟ್ ಕೈಯಲ್ಲಿ ಹಗುರವಾಗಿ ತಿರುಗಬೇಕು. ಮುಚ್ಚಳದ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ನಡುನಡುವೆ ಶಾಫ್ಟ್ ತಿರುಗಿಸಿ ನೋಡಿ. ಆಮೇಲೆ ಬೆಲ್ಟ್ ಇಲ್ಲದೆ ಕಾಲು ಗಂಟೆ ಓಡಿಸಿ, ಪ್ಲಗ್ ಕಿತ್ತು ಬೇರಿಂಗ್ ಇರುವ ತುದಿಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೋಲ್ಟ್‌ಗಳನ್ನು ಸಡಿಲಿಸಿ ಮುಚ್ಚಳವನ್ನು ಮತ್ತೆ ಕೂರಿಸಬೇಕು.